ಅಳೆದು ಸುರಿದ ಪೆಟ್ರೋಲು

ನಮ್ಮ ಬೀದಿಯಲ್ಲಿ ಯಾರಾದರೂ ಹೊಸ ಕಾರು ತಂದು ಮನೆಯ ಮುಂದೆ ನಿಲ್ಲಿಸಿ, ಕುಂಕುಮವಿಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮುಗಿಸುವ ಹೊತ್ತಿಗೆ, ಪಕ್ಕದ ಮನೆಯವರು ಬಂದು ಕೇಳುವ ಮೊದಲ ಪ್ರಶ್ನೆ ಒಂದೇ: “ಎಷ್ಟು ಕೊಡುತ್ತೆ?” ಏನನ್ನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಲೀಟರಿಗೆ ಇಷ್ಟು ಎಂಬ ಉತ್ತರ ಬಂದ ಮೇಲೆಯೇ ಬಣ್ಣದ ಮಾತು, ವೇಗದ ಮಾತು. ಪಂದ್ಯದ ಕಾರಿನವರನ್ನು ಹೀಗೆ ಕೇಳುವುದು ಮದುವೆಯೂಟಕ್ಕೆ ಕುಳಿತವರ ಹೋಳಿಗೆ ಎಣಿಸಿದಷ್ಟೇ ಅಸಭ್ಯವೆಂದು ನಾನು ಬಹುಕಾಲ ತಿಳಿದಿದ್ದೆ. ಆದರೆ ಫ್ರಾನ್ಸಿನ ಲ ಮಾನ್ ಎಂಬ ಊರಿನ ಓಟದ ಚರಿತ್ರೆಯಲ್ಲಿ ಕೆಲವು ವರ್ಷ, ಗೆಲುವು ಸೋಲನ್ನು ನಿರ್ಣಯಿಸಿದ್ದೇ ಈ ಪ್ರಶ್ನೆ.

ಲ ಮಾನಿನ ಓಟ 1923ರಲ್ಲಿ ಪ್ರಾರಂಭವಾದದ್ದು. ಶನಿವಾರ ಮಧ್ಯಾಹ್ನ ಹೊರಟ ಕಾರುಗಳು ರಾತ್ರಿಯೆಲ್ಲ ಓಡಿ ಭಾನುವಾರ ಮಧ್ಯಾಹ್ನಕ್ಕೆ ನಿಲ್ಲುತ್ತವೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಹೆಚ್ಚು ದೂರ ಹೋದವನು ಗೆದ್ದ. ವೇಗ ಮಿತಿಮೀರಿದಾಗ ಓಟದ ಅಧಿಕಾರಿಗಳು ಹಿಡಿಯುತ್ತಿದ್ದ ದಾರಿ ಸಾಮಾನ್ಯವಾಗಿ ಎಂಜಿನ್ನಿನ ಗಾತ್ರ ಇಷ್ಟೇ ಇರಬೇಕೆಂದು ಕಟ್ಟಳೆ ಮಾಡುವುದು. 1973ರ ತೈಲದ ಬಿಕ್ಕಟ್ಟು ಬಂದಾಗ ಆ ಯೋಚನೆ ಸಾಲದಾಯಿತು. ಜನ ಪೆಟ್ರೋಲಿಗಾಗಿ ಸಾಲುಗಟ್ಟಿ ನಿಂತಿರುವಾಗ ಅದನ್ನು ಸುಡುವುದೇ ಆಟವೆಂದರೆ ಯಾರು ಸಹಿಸುತ್ತಾರೆ? ಅಮೆರಿಕದ ಡೇಟೋನ, ಸೆಬ್ರಿಂಗ್ ಓಟಗಳು 1974ರಲ್ಲಿ ನಡೆಯಲೇ ಇಲ್ಲ.

1982ರಲ್ಲಿ ಹೊಸ ಕಟ್ಟಳೆ ಬಂತು. ಗ್ರೂಪ್ ಸಿ ಎಂದು ಅದರ ಹೆಸರು. ಎಂಜಿನ್ನು ದೊಡ್ಡದಿರಲಿ ಚಿಕ್ಕದಿರಲಿ, ಗಾಳಿಯನ್ನು ಒತ್ತಿ ತುಂಬಲಿ ಬಿಡಲಿ, ಅದು ನಿಮ್ಮ ಇಷ್ಟ. ಕಾರಿನ ತೂಕ 800 ಕಿಲೋಗ್ರಾಮಿಗೆ ಕಡಿಮೆಯಿರಬಾರದು, ಟ್ಯಾಂಕು 100 ಲೀಟರಿಗೆ ಹೆಚ್ಚಿರಬಾರದು. 1000 ಕಿಲೋಮೀಟರಿನ ಓಟಕ್ಕೆ 600 ಲೀಟರು, ಲ ಮಾನಿನ ಹಗಲು ರಾತ್ರಿಗೆ 2600 ಲೀಟರು, ಅಷ್ಟೇ. ಹಾಸ್ಟೆಲಿನಲ್ಲಿರುವ ಮಗನ ಕೈಗೆ ತಿಂಗಳ ಮೊದಲಲ್ಲೇ ಇಂತಿಷ್ಟು ಎಂದು ಕೊಟ್ಟು, ಆಮೇಲೆ ಏನು ತಿಂದೆ ಎಲ್ಲಿ ಹೋದೆ ಎಂದು ಕೇಳದೆ ಇರುವ ತಂದೆಯ ಕ್ರಮ ಇದು. ನನಗೆ ಬಹಳ ಹಿಡಿಸಿತು. ಬುದ್ಧಿಗೆ ಬೇಲಿ ಹಾಕದೆ, ಬುತ್ತಿಗೆ ಮಾತ್ರ ಅಳತೆ ಹಾಕಿದ ಕಟ್ಟಳೆ.

ಜರ್ಮನಿಯ ಪೋರ್ಷೆ ಕಾರ್ಖಾನೆ ಇದಕ್ಕೆಂದೇ 956 ಎಂಬ ಕಾರನ್ನು ಕಟ್ಟಿತು. ಅದರ ಎಂಜಿನ್ನು 2.65 ಲೀಟರಿನದು, ಎರಡು ಟರ್ಬೊಗಳ ಬಲದಿಂದ ಆರುನೂರಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತಿತ್ತು. ಅಂಥದ್ದಕ್ಕೆ ಈ ಪಡಿ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಂತೆ. 1982ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟನ್ನಿನಲ್ಲಿ ಅದರ ಮೊದಲ ಪಂದ್ಯ. ಓಟ ಆರು ಗಂಟೆಯದು, ಕೊಟ್ಟ ಪೆಟ್ರೋಲು ಮಾತ್ರ ಸಾವಿರ ಕಿಲೋಮೀಟರಿನ ಲೆಕ್ಕದ್ದು. ಆರು ಗಂಟೆಯಲ್ಲಿ ಆ ಕಾರು ಸಾವಿರವನ್ನು ಸುಲಭವಾಗಿ ದಾಟಬಲ್ಲದು! ವೇಗವಿದ್ದೂ ವೇಗವಾಗಿ ಹೋಗುವಂತಿಲ್ಲ. ಜ್ಯಾಕಿ ಇಕ್ಸ್, ಡೆರೆಕ್ ಬೆಲ್ ಇಬ್ಬರೂ ಕಾಲೆಳೆಯುತ್ತ ಹೋಗಿ ಎರಡನೆಯವರಾದರು. ಗೆದ್ದದ್ದು ಹಳೆಯ ವರ್ಗಕ್ಕೆ ಸೇರಿದ, ಪೆಟ್ರೋಲಿನ ಲೆಕ್ಕವಿಲ್ಲದ ಲಾನ್ಸಿಯ. ಆದರೆ ಮುಂದಿನ ತಿಂಗಳು ಲ ಮಾನಿನಲ್ಲಿ 1, 2, 3 ಎಂಬ ಸಂಖ್ಯೆ ಹೊತ್ತ ಪೋರ್ಷೆಯ ಮೂರು ಕಾರುಗಳು ಅದೇ ಕ್ರಮದಲ್ಲಿ ಮೊದಲ ಮೂರು ಸ್ಥಾನಗಳಲ್ಲಿ ಬಂದು ನಿಂತವು.

ಎಂಜಿನಿಯರರ ಕಷ್ಟ ಎಲ್ಲಿತ್ತೆಂಬುದನ್ನು ಸ್ವಲ್ಪ ಹೇಳಬೇಕು. ಟರ್ಬೊ ಎಂದರೆ ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗುವ ಒಂದು ಚಕ್ರ. ಅದು ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಶಕ್ತಿ ಹೆಚ್ಚು, ಶಾಖವೂ ಹೆಚ್ಚು. ಪಿಸ್ಟನ್ನುಗಳು ಕರಗದಂತೆ ಹಿಂದಿನವರು ಮಾಡುತ್ತಿದ್ದ ಉಪಾಯ, ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲನ್ನು ಒಳಗೆ ಸುರಿಯುವುದು. ಅದು ಆವಿಯಾಗುತ್ತ ತಂಪು ಮಾಡುತ್ತಿತ್ತು. ಪೆಟ್ರೋಲು ಅಲ್ಲಿ ಅನ್ನವೂ ಹೌದು, ನೀರೂ ಹೌದು. ಹೊಸ ಕಟ್ಟಳೆಯಲ್ಲಿ ಈ ದುಂದು ನಡೆಯದು. ಕಡಿಮೆ ಸುರಿದರೆ ಎಂಜಿನ್ನು ಸಾಯುತ್ತದೆ, ಹೆಚ್ಚು ಸುರಿದರೆ ಓಟ ಮುಗಿಯುವ ಮೊದಲೇ ಪಡಿ ಮುಗಿಯುತ್ತದೆ. ಪೋರ್ಷೆಯವರು ಬಾಷ್ ಕಂಪನಿಯ ಮೋಟ್ರಾನಿಕ್ ಎಂಬ ವಿದ್ಯುನ್ಮಾನ ಯಂತ್ರವನ್ನು ತಂದು, ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ ಎಂಬುದನ್ನು ಅದಕ್ಕೆ ಒಪ್ಪಿಸಿದರು. ಉಳಿದದ್ದು ಚಾಲಕನ ಕಾಲಿನಲ್ಲಿತ್ತು. ತಿರುವು ಬರುವುದಕ್ಕೆ ಸ್ವಲ್ಪ ಮೊದಲೇ ಪಾದ ಎತ್ತಿ ಕಾರನ್ನು ಅದರ ಓಟಕ್ಕೇ ಬಿಡುವುದು. ಹೀಗೆ ಸುತ್ತು ಸುತ್ತಿಗೂ ಹನಿ ಹನಿ ಉಳಿಸುವುದು.

ಇದೂ ಒಂದು ಪಂದ್ಯವೆ, ಜಿಪುಣರ ಜಾತ್ರೆಯಲ್ಲವೆ ಎಂದು ಆಗಲೇ ಗೊಣಗಿದವರುಂಟು. ಆ ಗೊಣಗಾಟದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹಣ ಕೊಟ್ಟು ಬಂದು ಬೇಲಿಯ ಬಳಿ ನಿಂತವನಿಗೆ ಬೇಕಾದದ್ದು ಗುಡುಗು, ಗುಣಾಕಾರವಲ್ಲ.

1984ರಲ್ಲಿ ಒಂದು ವಿಚಿತ್ರ ನಡೆಯಿತು. ಆ ವರ್ಷದಿಂದ ಪಡಿಯನ್ನು ಶೇಕಡ 15ರಷ್ಟು ಇಳಿಸುವುದಾಗಿ ಮೊದಲೇ ಹೇಳಿದ್ದ ಅಧಿಕಾರಿಗಳು ಕೊನೆಗಳಿಗೆಯಲ್ಲಿ ಹಿಂದೆಗೆದರು. ಅದಕ್ಕೆಂದೇ ದುಡಿದು ಸಿದ್ಧವಾಗಿದ್ದ ಪೋರ್ಷೆ ಕಾರ್ಖಾನೆ ಮುನಿಸಿಕೊಂಡು ಲ ಮಾನಿಗೆ ಬರಲೇ ಇಲ್ಲ. ಪಡಿ ಸಾಲದೆಂದು ಜಗಳವಾಡಿದವರನ್ನು ನಾವು ಕಂಡಿದ್ದೇವೆ. ಕಡಿಮೆ ಮಾಡಲಿಲ್ಲವೆಂದು ಊಟ ಬಿಟ್ಟು ಎದ್ದವರನ್ನು ನಾನು ಕೇಳಿದ್ದು ಇದೊಂದೇ ಸಲ. ಕಾರ್ಖಾನೆ ಇಲ್ಲದ ಆ ಓಟವನ್ನು ಗೆದ್ದದ್ದು ಅದರಿಂದಲೇ ಕಾರು ಕೊಂಡಿದ್ದ ರೈನ್‌ಹೋಲ್ಡ್ ಯೋಸ್ಟ್ ಎಂಬಾತನ ಸ್ವಂತ ತಂಡ.

1985ರಲ್ಲಿ ಕಡಿತ ಜಾರಿಗೆ ಬಂತು. ಲ ಮಾನಿಗೆ ಇನ್ನು 2210 ಲೀಟರು. ಕಾರ್ಖಾನೆ 962 ಎಂಬ ಹೊಸ ಕಾರುಗಳೊಂದಿಗೆ ಮರಳಿ ಬಂತು. ಪೂರ್ವಭಾವಿ ಸುತ್ತಿನಲ್ಲಿ ಅದರ ಚಾಲಕ ಹನ್ಸ್ ಸ್ಟುಕ್ ಗಂಟೆಗೆ 250 ಕಿಲೋಮೀಟರು ಮೀರಿದ ಸರಾಸರಿಯಲ್ಲಿ ಓಡಿಸಿ ಎಲ್ಲರಿಗಿಂತ ಮುಂದಿನ ಜಾಗ ಹಿಡಿದ. ಯೋಸ್ಟನ ಬಳಿ ಇದ್ದದ್ದು ಹಿಂದಿನ ವರ್ಷ ಗೆದ್ದ ಅದೇ ಹಳೆಯ ಕಾರು. ಓಟ ಹೊರಟ ಮೇಲೆ ಆ ಕಾರೂ, ಇಂಗ್ಲೆಂಡಿನ ರಿಚರ್ಡ್ ಲಾಯ್ಡ್ ಎಂಬಾತನ ಇನ್ನೊಂದು 956 ಕಾರೂ ಜೊತೆಯಾದವು. ಲಾರಿಯ ಬೆನ್ನಿಗೆ ಸೈಕಲ್ಲು ತುಳಿದ ಹುಡುಗರಿಗೆ ಈ ಗುಟ್ಟು ಗೊತ್ತು: ಮುಂದಿನವನು ಗಾಳಿಯನ್ನು ಸೀಳಿದರೆ ಹಿಂದಿನವನಿಗೆ ಶ್ರಮ ಕಡಿಮೆ. ಆರು ಕಿಲೋಮೀಟರಿನ ಆ ನೇರ ರಸ್ತೆಯಲ್ಲಿ ಒಮ್ಮೆ ಇವನು ಮುಂದೆ, ಒಮ್ಮೆ ಅವನು ಮುಂದೆ. ಎದುರಾಳಿಗಳಿಬ್ಬರೂ ಸರದಿಯಂತೆ ಒಬ್ಬರಿಗೊಬ್ಬರು ಪೆಟ್ರೋಲು ಉಳಿಸಿಕೊಟ್ಟರು. ಕಾರ್ಖಾನೆಯ ಕಾರುಗಳು ಆ ವೇಗವನ್ನು ಹಿಡಿಯಹೋದರೆ ಪಡಿ ಮೀರುತ್ತಿತ್ತು. ಮುಂದೆ ಲಾಯ್ಡನ ಕಾರು ರಿಪೇರಿಗೆ ನಿಂತು ಹಿಂದೆ ಬಿತ್ತು. ಯೋಸ್ಟ್ ಮೊದಲು, ಲಾಯ್ಡ್ ಎರಡನೆಯದು, ಕಾರ್ಖಾನೆ ಮೂರನೆಯದು.

1982ರಲ್ಲಿ ಗೆದ್ದ ಕಾರು 2600 ಲೀಟರಿನ ಪಡಿಯಲ್ಲಿ ಸುಮಾರು 4,900 ಕಿಲೋಮೀಟರು ಹೋಗಿತ್ತು. ಯೋಸ್ಟನ ಕಾರು 2210 ಲೀಟರಿನ ಪಡಿಯಲ್ಲಿ 5,088 ಕಿಲೋಮೀಟರು ಹೋಯಿತು. ಪಡಿಯನ್ನೆಲ್ಲ ಕುಡಿದು ಮುಗಿಸಿತೆಂದೇ ಇಟ್ಟುಕೊಂಡರೂ ಲೀಟರಿಗೆ 2.3 ಕಿಲೋಮೀಟರು. ನಮ್ಮ ಪಕ್ಕದ ಮನೆಯವರು ಕೇಳಿದರೆ ಮುಖ ಸಿಂಡರಿಸಿಯಾರು. ಆದರೆ ಮೂರೇ ವರ್ಷದಲ್ಲಿ 390 ಲೀಟರು ಕಡಿಮೆ ಪಡೆದು 180 ಕಿಲೋಮೀಟರಿಗೂ ಹೆಚ್ಚು ಮುಂದೆ ಹೋದದ್ದು ಸಣ್ಣ ಮಾತಲ್ಲ.

ಆ ಕಾರನ್ನು ಹೆಚ್ಚು ಹೊತ್ತು ಓಡಿಸಿದವರು ಕ್ಲೌಸ್ ಲುಡ್ವಿಗ್ ಮತ್ತು ಪಾವೊಲೊ ಬಾರಿಲ್ಲಾ. ಮೂರನೆಯವನು ‘ಜಾನ್ ವಿಂಟರ್’. ಅದು ಕಟ್ಟಿಕೊಂಡ ಹೆಸರು; ಆತ ಲೂಯಿ ಕ್ರಾಗೆಸ್ ಎಂಬ ಮರದ ವ್ಯಾಪಾರಿ. ಓಟದ ಹುಚ್ಚು ತಾಯಿಗೆ ತಿಳಿಯಬಾರದೆಂದು ಹೆಸರು ಮರೆಸಿಕೊಂಡಿದ್ದನಂತೆ. ಗೆದ್ದವನ ಚಿತ್ರ ಪತ್ರಿಕೆಯಲ್ಲಿ ಬಂದು ಗುಟ್ಟು ರಟ್ಟಾಯಿತು ಎನ್ನುತ್ತಾರೆ.

ಎರಡು ವರ್ಷದ ಮೇಲೆ, 1987ರಲ್ಲಿ, ಲ ಮಾನಿನಲ್ಲಿ ಒದಗಿಸಿದ ಪೆಟ್ರೋಲಿನ ಗುಣವೇ ಕಡಿಮೆಯಾಗಿತ್ತು. ಹದವನ್ನು ಅಂಚಿನವರೆಗೆ ತಂದಿದ್ದ ಎಂಜಿನ್ನುಗಳು ಅದನ್ನು ತಾಳಲಿಲ್ಲ. ಯೋಸ್ಟನ ಎರಡು ಕಾರುಗಳೂ ಮೊದಲ ಗಂಟೆಯಲ್ಲೇ ಪಿಸ್ಟನ್ನು ಸುಟ್ಟುಕೊಂಡು ನಿಂತವು. ಕಾರ್ಖಾನೆಯವರು ತಮ್ಮಲ್ಲಿ ಉಳಿದಿದ್ದ ಒಂದು ಕಾರಿನ ಮೋಟ್ರಾನಿಕ್ಕಿನ ಚಿಪ್ಪನ್ನು ಬದಲಾಯಿಸಿ, ಅದನ್ನು ಉಳಿಸಿಕೊಂಡು, ಗೆದ್ದರು.

1991ರಲ್ಲಿ ಅಧಿಕಾರಿಗಳು ಮತ್ತೆ ಎಂಜಿನ್ನಿನ ಗಾತ್ರಕ್ಕೇ ಮರಳಿದರು: 3.5 ಲೀಟರು, ಟರ್ಬೊ ಇಲ್ಲ, ಪೆಟ್ರೋಲಿಗೆ ಅಳತೆಯಿಲ್ಲ. ಅಂಥ ಎಂಜಿನ್ನಿನ ಖರ್ಚನ್ನು ಹೊರಬಲ್ಲವರು ಕೆಲವರೇ. 1992ರ ಕೊನೆಗೆ ಆ ವಿಶ್ವ ಪಂದ್ಯಾವಳಿಯೇ ಮುಚ್ಚಿತು. ಲ ಮಾನಿನ ಮುಂಚೂಣಿಯ ಕಾರುಗಳಿಗೆ ಸುತ್ತಿಗೆ ಇಷ್ಟೇ ಇಂಧನವೆಂದು ಮತ್ತೆ ಅಳೆದು ಕೊಡಲು ಪ್ರಾರಂಭಿಸಿದ್ದು 2014ರಲ್ಲಿ. ಬಹುಕಾಲ ದೂರವಿದ್ದ ಪೋರ್ಷೆ ಕಾರ್ಖಾನೆ ಆ ವರ್ಗಕ್ಕೆ ಮರಳಿ ಬಂದದ್ದೂ ಆ ವರ್ಷವೇ.