ನೆರವಿನ ಹಣ, ಉತ್ತರದ ಹೊಣೆ: ಮಂಡ್ಯ ಸೀಮೆಯಿಂದ ಕಂಡ ಆರು ದಶಕಗಳು

ಹೊರದೇಶದ ಸರ್ಕಾರಗಳಾಗಲಿ ಅಂತರರಾಷ್ಟ್ರೀಯ ಬ್ಯಾಂಕುಗಳಾಗಲಿ ಬೇಸಾಯ, ಕುಡಿಯುವ ನೀರು, ರಸ್ತೆ ಮುಂತಾದ ಕೆಲಸಗಳಿಗೆ ಕೊಡುವ ಅನುದಾನವನ್ನೂ ಕಡಿಮೆ ಬಡ್ಡಿಯ ಸಾಲವನ್ನೂ ಸೇರಿಸಿ ಅಭಿವೃದ್ಧಿ ನೆರವು ಎನ್ನಲಾಗುತ್ತದೆ. ಈ ನೆರವನ್ನು ಕುರಿತ ಅಧ್ಯಯನ ಮೂರು ಪ್ರಶ್ನೆಗಳ ಸುತ್ತ ಬೆಳೆದುಬಂದಿದೆ: ಹಣದಿಂದ ಉತ್ಪಾದನೆ ಹೆಚ್ಚಿತೇ, ಹಣ ಸೋರದೆ ಖರ್ಚಾಯಿತೇ, ಯೋಜನೆಯಿಂದ ನಷ್ಟಕ್ಕೊಳಗಾದವರು ಯಾರನ್ನು ಕೇಳಬೇಕು? ಮೊದಲನೆಯದು ಅರ್ಥಶಾಸ್ತ್ರದ್ದು, ಎರಡನೆಯದು ಆಳ್ವಿಕೆಯದು, ಮೂರನೆಯದು ಮಾನವ ಹಕ್ಕುಗಳದ್ದು. ಮೊದಲೆರಡಕ್ಕೆ ಉತ್ತರ ಹುಡುಕಲು ಹುಟ್ಟಿದಷ್ಟು ನಿಯಮಗಳು ಮೂರನೆಯದಕ್ಕೆ ಹುಟ್ಟಲಿಲ್ಲ.

ಇಳುವರಿಯ ಕಾಲ

ಮಂಡ್ಯದ ನೀರಾವರಿ ಹೊರಗಿನ ನೆರವಿನಿಂದ ಬಂದದ್ದಲ್ಲ. ಕನ್ನಂಬಾಡಿ ಕಟ್ಟೆಯನ್ನೂ ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆಯನ್ನೂ ಮೈಸೂರು ಸಂಸ್ಥಾನವೇ ಕಟ್ಟಿಸಿತ್ತು. 1950ರ ದಶಕದ ನಡುವಿನಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್, ಅವುಗಳಿಗೆ ವಂಗಲ ಮತ್ತು ದಲೇನ ಎಂಬ ಬದಲಿ ಹೆಸರಿಟ್ಟು 1962ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ನಾಲೆಯ ನೀರು ಹರಿದ ಊರು ಮತ್ತು ನೀರು ಹತ್ತದ ಊರು ಬೇರೆ ಬೇರೆ ದಾರಿಯಲ್ಲಿ ಬದಲಾದುದನ್ನು ತೋರಿಸಿದರು. ಅಭಿವೃದ್ಧಿಯ ಫಲ ಎಲ್ಲರಿಗೂ ಒಂದೇ ಬಗೆಯಲ್ಲಿ ತಲುಪುವುದಿಲ್ಲವೆಂಬ ಪಾಠ ಹೀಗೆ ಈ ಸೀಮೆಯಿಂದಲೇ ವಿದ್ವತ್ ಲೋಕಕ್ಕೆ ಹೋಯಿತು.

ಆದರೆ ನೆರವಿನ ನೀತಿ ಆ ಪಾಠವನ್ನು ಕಲಿಯಲಿಲ್ಲ. ಫೋರ್ಡ್ ಪ್ರತಿಷ್ಠಾನದ ತಜ್ಞರ ತಂಡ 1959ರಲ್ಲಿ ಕೊಟ್ಟ ವರದಿಯ ಮೇಲೆ ಸಾಂದ್ರ ಕೃಷಿ ಜಿಲ್ಲಾ ಕಾರ್ಯಕ್ರಮ ರೂಪುಗೊಂಡು, 1960ರ ದಶಕದ ಆರಂಭದಲ್ಲಿ ಮಂಡ್ಯವೂ ಅದರೊಳಗೆ ಬಂತು. ಬಿತ್ತನೆ ಬೀಜ, ಗೊಬ್ಬರ, ಸಾಲ, ಸಲಹೆ ಎಲ್ಲವನ್ನೂ ಒಟ್ಟಿಗೆ ಕೊಡುತ್ತಿದ್ದುದರಿಂದ ಇದು ‘ಪ್ಯಾಕೇಜ್ ಪ್ರೋಗ್ರಾಂ’ ಎಂದು ಹೆಸರಾಯಿತು. ನೀರಿನ ಭರವಸೆಯಿದ್ದ ಜಿಲ್ಲೆಗಳನ್ನೇ ಆರಿಸಿಕೊಂಡ ಈ ಕಾರ್ಯಕ್ರಮದ ಯಶಸ್ಸನ್ನು ಅಳೆದದ್ದು ಎಕರೆವಾರು ಇಳುವರಿಯಿಂದ. ಖುಷ್ಕಿ ಹಿಡುವಳಿದಾರರ ಪಾಲಿಗೆ ಏನು ಬಂತೆಂಬುದು ಆ ಲೆಕ್ಕದ ಹೊರಗುಳಿಯಿತು.

ಆಳ್ವಿಕೆಯೆಂಬ ಹೊಸ ಮಾತು

ರಾಜಕೀಯದಲ್ಲಿ ಕೈಹಾಕಬಾರದೆಂಬ ತನ್ನ ಸ್ಥಾಪನಾ ಒಪ್ಪಂದದ ಕಟ್ಟಳೆಯನ್ನು ಮುಂದಿಟ್ಟು ವಿಶ್ವಬ್ಯಾಂಕ್ ದೀರ್ಘಕಾಲ ಭ್ರಷ್ಟಾಚಾರದ ಮಾತನ್ನೇ ಎತ್ತುತ್ತಿರಲಿಲ್ಲ. ಆಫ್ರಿಕಾ ಕುರಿತ 1989ರ ವರದಿಯಲ್ಲಿ ಆಳ್ವಿಕೆಯ ಬಿಕ್ಕಟ್ಟನ್ನು ಹೆಸರಿಸಿದ ಬ್ಯಾಂಕು, ದೇಶದ ಸಂಪನ್ಮೂಲಗಳ ನಿರ್ವಹಣೆಯಲ್ಲಿ ಅಧಿಕಾರವನ್ನು ಚಲಾಯಿಸುವ ರೀತಿಯೇ ಆಳ್ವಿಕೆ ಎಂದು 1992ರಲ್ಲಿ ವ್ಯಾಖ್ಯಾನಿಸಿತು. 1996ರಲ್ಲಿ ಅದರ ಅಧ್ಯಕ್ಷ ಜೇಮ್ಸ್ ವುಲ್ಫೆನ್‌ಸನ್ ಭ್ರಷ್ಟಾಚಾರವನ್ನು ಕ್ಯಾನ್ಸರ್‌ಗೆ ಹೋಲಿಸಿ ಮಾತನಾಡಿದ ಮೇಲೆ ಟೆಂಡರ್, ಲೆಕ್ಕಪರಿಶೋಧನೆ, ಕಪ್ಪುಪಟ್ಟಿಗಳ ನಿಯಮಗಳು ಬಿಗಿಯಾದವು. ಕರ್ನಾಟಕದಲ್ಲಿಯೂ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಜಾರಿಗೆ ಬಂತಾದರೂ, ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಗಳ ನೆರವಿನ ಯೋಜನೆಗಳಲ್ಲಿ ಆ ಸಂಸ್ಥೆಗಳ ನಿಯಮಕ್ಕೂ ಅಧಿನಿಯಮಕ್ಕೂ ಹೊಂದಾಣಿಕೆಯಾಗದ ಕಡೆ ಸಾಲ ಕೊಟ್ಟವರ ನಿಯಮವೇ ನಡೆಯುತ್ತದೆಂದು ಅಧಿನಿಯಮವೇ ಹೇಳುತ್ತದೆ.

ಬಿಗಿಯಾದ ನಿಯಮಗಳಿದ್ದರೂ ಸೋರಿಕೆ ನಿಲ್ಲಲಿಲ್ಲವೆಂಬುದಕ್ಕೆ ನೆರೆಯ ಗೋವಾದ ಪ್ರಕರಣ ಸಾಕ್ಷಿ. ಜಪಾನಿನ ಸಾಲದ ನೀರು ಮತ್ತು ಒಳಚರಂಡಿ ಯೋಜನೆಯ ಸಲಹಾ ಗುತ್ತಿಗೆಗಾಗಿ ಅಲ್ಲಿ ಲಂಚ ಕೊಟ್ಟದ್ದನ್ನು ಲೂಯಿ ಬರ್ಜರ್ ಎಂಬ ಅಮೆರಿಕದ ಕಂಪನಿ 2015ರಲ್ಲಿ ತನ್ನ ದೇಶದ ನ್ಯಾಯ ಇಲಾಖೆಯ ಮುಂದೆ ಒಪ್ಪಿಕೊಂಡು ದಂಡ ತೆರಲು ಸಮ್ಮತಿಸಿತು. ಲಂಚ ಗೋವಾದ್ದಾದರೂ ಅದು ಬಯಲಾದದ್ದು ಅಮೆರಿಕದಲ್ಲಿ.

ಬಾಧಿತರ ದೂರು

ವಿಶ್ವಸಂಸ್ಥೆ 1986ರಲ್ಲಿಯೇ ಅಭಿವೃದ್ಧಿಯನ್ನು ಮಾನವ ಹಕ್ಕೆಂದು ಘೋಷಿಸಿತ್ತು. ಆದರೆ ಆ ಘೋಷಣೆಗೆ ಒಂದಿಷ್ಟು ಬಲ ಬಂದದ್ದು ನರ್ಮದಾ ಅಣೆಕಟ್ಟುಗಳ ವಿರುದ್ಧದ ಚಳವಳಿಯ ಒತ್ತಡದಿಂದ ವಿಶ್ವಬ್ಯಾಂಕ್ 1993ರಲ್ಲಿ ಪರಿಶೀಲನಾ ಮಂಡಳಿಯನ್ನು, ಎಂದರೆ ಬಾಧಿತ ಜನರೇ ನೇರವಾಗಿ ದೂರು ಕೊಡಬಹುದಾದ ವ್ಯವಸ್ಥೆಯನ್ನು, ರಚಿಸಿದ ಮೇಲೆ. ಕರ್ನಾಟಕದ ಮೇಲ್ದಂಡೆ ಕೃಷ್ಣಾ ಯೋಜನೆಯಲ್ಲಿ ಪುನರ್ವಸತಿ ಕುಂಟಿದ ಕಾರಣ ಬ್ಯಾಂಕು 1990ರ ದಶಕದಲ್ಲಿ ಎರಡು ಬಾರಿ ಹಣ ತಡೆಹಿಡಿಯಿತು. ನಾಗರಹೊಳೆಯ ಆದಿವಾಸಿಗಳು ಬ್ಯಾಂಕಿನ ನೆರವಿನ ಪರಿಸರ ಅಭಿವೃದ್ಧಿ ಯೋಜನೆಯ ವಿರುದ್ಧ 1998ರಲ್ಲಿ ಮಂಡಳಿಗೆ ದೂರಿತ್ತರು. ಮಂಡಳಿ ತನಿಖೆಗೆ ಶಿಫಾರಸು ಮಾಡಿದರೂ ಬ್ಯಾಂಕಿನ ನಿರ್ದೇಶಕರು ಅದಕ್ಕೆ ಒಪ್ಪಲಿಲ್ಲ. ದೂರು ಕೊಡುವ ಹಕ್ಕು ಸಿಕ್ಕಿತ್ತು, ತೀರ್ಮಾನ ಮಾತ್ರ ಸಾಲ ಕೊಟ್ಟವರ ಕೈಯಲ್ಲೇ ಉಳಿದಿತ್ತು.

ತೊರೆಕಾಡನಹಳ್ಳಿಯ ನೀರು

ಇಂದು ಈ ಪ್ರಶ್ನೆಗಳು ಕೂಡುವ ಜಾಗ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ. ಶಿವ ಅಣೆಕಟ್ಟೆಯ ಬಳಿ ಕಾವೇರಿಯಿಂದ ತಿರುಗಿಸಿದ ನೀರು ನೆಟ್ಕಲ್ ಜಲಾಶಯವನ್ನು ಹಾದು ಇಲ್ಲಿಗೆ ಬಂದು, ಶುದ್ಧವಾಗಿ, ಹಾರೋಹಳ್ಳಿ ಮತ್ತು ತಾತಗುಣಿಯ ಯಂತ್ರಾಗಾರಗಳ ಮೂಲಕ ಸುಮಾರು 100 ಕಿ.ಮೀ. ದೂರದ ಬೆಂಗಳೂರಿಗೆ ಏರುತ್ತದೆ. 1974ರ ಮೊದಲ ಹಂತದಲ್ಲಿ ದಿನಕ್ಕೆ 13.5 ಕೋಟಿ ಲೀಟರ್ ಸಾಗಿಸುತ್ತಿದ್ದ ವ್ಯವಸ್ಥೆಗೆ, 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತ ಇನ್ನೂ 77.5 ಕೋಟಿ ಲೀಟರ್ ಸೇರಿಸಿತು. ನಾಲ್ಕು ಮತ್ತು ಐದನೇ ಹಂತಗಳಿಗೆ ಜಪಾನಿನ ಸಾಲ ಬಂದಿದೆ. ಆ ಸಾಲ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಬೆಂಗಳೂರು ಜಲಮಂಡಳಿ ಎಂಬ ಮೂರು ಮೆಟ್ಟಿಲು ಇಳಿದು ಬರುವುದರಿಂದ, ಏನಾದರೂ ಕೇಳಬೇಕೆಂದರೆ ಯಾವ ಮೆಟ್ಟಿಲಿನಲ್ಲಿ ನಿಲ್ಲಬೇಕೆಂಬುದೇ ಹಳ್ಳಿಯವರಿಗೆ ತಿಳಿಯುವುದು ಕಷ್ಟ. ಇತ್ತ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಮದ್ದೂರು, ಮಳವಳ್ಳಿಯ ರೈತರು ತಮ್ಮ ಗದ್ದೆಗೆ ನೀರು ಮುಟ್ಟುತ್ತಿಲ್ಲವೆಂದು ದೂರುತ್ತಲೇ ಬಂದಿದ್ದಾರೆ.

ಸಾಲ ನೀಡಿದ ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಗೆ ಯೋಜನೆಯ ದೇಶದ ಇಬ್ಬರು ನಿವಾಸಿಗಳು ಸೇರಿ ಆಕ್ಷೇಪ ಸಲ್ಲಿಸಬಹುದೆಂಬ ನಿಯಮವಿದೆ. ಅದಕ್ಕಿಂತ ಕೈಗೆಟುಕುವ ಸಾಧನ 2005ರ ಮಾಹಿತಿ ಹಕ್ಕು ಕಾಯ್ದೆ: 10 ರೂಪಾಯಿ ಶುಲ್ಕ ಕಟ್ಟಿ ಕನ್ನಡದಲ್ಲಿ ಬರೆದ ಅರ್ಜಿಗೆ ಜಲಮಂಡಳಿ 30 ದಿನದೊಳಗೆ ಉತ್ತರ ಕೊಡಬೇಕು. ಆರು ದಶಕಗಳ ಈ ಬೆಳವಣಿಗೆಯನ್ನು ಒಟ್ಟಾಗಿ ನೋಡಿದರೆ, ಹಣದ ಕಾವಲಿಗೆ ಹೊರಗಿನ ನಿಯಮಗಳು ಬೇಕಾದಷ್ಟಿವೆ, ಆದರೆ ಜನರ ಹಕ್ಕಿನ ಕಾವಲು ನೆಲದ ಕಾನೂನಿನ ಮೇಲೆಯೇ ನಿಂತಿದೆ. ಆದ್ದರಿಂದ ಯಾರೂ ಅರ್ಜಿ ಹಾಕುವವರೆಗೆ ಕಾಯದೆ, ಸಾಲದ ಷರತ್ತು, ಟೆಂಡರಿನ ಮೊತ್ತ, ಪರಿಹಾರದ ಪಟ್ಟಿ ಈ ಮೂರನ್ನೂ ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕು.