ಸನ್ನೆಕೋಲಿನ ಕಾಫಿ ಯಂತ್ರ

ನಮ್ಮ ಮನೆಗಳ ಕಾಫಿ ಫಿಲ್ಟರಿಗೆ ಅವಸರವೆಂಬುದಿಲ್ಲ. ಮೇಲಿನ ಪಾತ್ರೆಗೆ ಕುದಿನೀರು ಸುರಿದು ಮುಚ್ಚಳವಿಟ್ಟರೆ, ಡಿಕಾಕ್ಷನ್ ತನ್ನಷ್ಟಕ್ಕೆ ತಾನೇ ತೊಟ್ಟಿಕ್ಕುತ್ತದೆ. ಅದೇ ಕೆಲಸವನ್ನು ಅರ್ಧ ನಿಮಿಷದಲ್ಲಿ ಮುಗಿಸಬೇಕೆಂದು ಇಟಲಿಯವರು ಹಟ ತೊಟ್ಟರು. ಅದರ ಫಲವೇ ಎಸ್ಪ್ರೆಸೊ ಯಂತ್ರ. ಕೈಯಿಂದ ಸನ್ನೆಕೋಲನ್ನೆಳೆದು ಕಾಫಿ ಇಳಿಸುವ ಹಳೆಯ ಯಂತ್ರಗಳನ್ನು ಸೆಕೆಂಡ್ ಹ್ಯಾಂಡ್ ಕೊಂಡು ರಿಪೇರಿ ಮಾಡಿಕೊಳ್ಳುವ ಹವ್ಯಾಸ ಈಗ ಹಲವು ದೇಶಗಳಲ್ಲುಂಟು. ಅಂಥದೊಂದು ನಿಮ್ಮ ಮನೆಗೂ ಬಂದೀತು. ಬಂದರೆ ಅದರ ಚರಿತ್ರೆಯನ್ನು ಮೊದಲು ತಿಳಿಯುವುದು ಲೇಸು. ಯಾವ ಭಾಗ ಯಾವ ಕಾರಣಕ್ಕೆ ಬಂದಿತೆಂದು ಬಲ್ಲವರಿಗೆ, ಯಂತ್ರ ಕೆಟ್ಟಾಗ ಎಲ್ಲಿ ಕೈಯಿಡಬೇಕು, ಎಲ್ಲಿ ಇಡಬಾರದು ಎಂಬುದೂ ತಿಳಿಯುತ್ತದೆ.

ಒತ್ತಡದಿಂದ ಕೆಲಸ ತೆಗೆಯುವುದು ಮಂಡ್ಯದ ಸೀಮೆಗೆ ಹೊಸದಲ್ಲ. 1881ರಲ್ಲಿ ಮದ್ದೂರಿಗೆ ರೈಲು ಬಂದಾಗ ಗಾಡಿಯನ್ನೆಳೆದದ್ದು ಹಬೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸವನ್ನು ಕಾಯಿಸಿ ಇಂಗಿಸುವುದೂ ಹಬೆಯೇ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಾದರೋ, ಎತ್ತರದಿಂದಿಳಿವ ಕಾವೇರಿಯ ಒತ್ತಡವೇ 1902ರಲ್ಲಿ ವಿದ್ಯುತ್ತಾಗಿ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಒಂದು ಹಬೆಯ ಒತ್ತಡ, ಇನ್ನೊಂದು ನೀರಿನ ಒತ್ತಡ. ಕಾಫಿ ಯಂತ್ರವೂ ಮೊದಲನೆಯದರಿಂದ ಎರಡನೆಯದಕ್ಕೆ ಸಾಗಿ ಬಂದದ್ದು.

ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯ ಕಾಫಿ ಯಂತ್ರಕ್ಕೆ ಪೇಟೆಂಟ್ ಪಡೆದನು. 1901ರಲ್ಲಿ ಮಿಲಾನಿನ ಲುಯಿಜಿ ಬೆಟ್ಸೆರಾ ಅದನ್ನು ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ಇಳಿಸುವಂತೆ ಮಾಡಿದನು. ಈ ಯಂತ್ರಗಳಲ್ಲಿ ಬಾಯ್ಲರಿನ ಹಬೆಯೇ ನೀರನ್ನು ಕಾಫಿಪುಡಿಯ ಮೂಲಕ ನೂಕುತ್ತಿತ್ತು. ಆದರೆ ಹಬೆಯ ಒತ್ತಡ ಏರಿದಷ್ಟೂ ನೀರಿನ ಕಾವು ಏರುವುದು ನಿಯಮ. ಒತ್ತಡ ಹೆಚ್ಚಿಸಹೋದರೆ ಕಾಫಿ ಸೀದು ಕಹಿಯಾಗುವುದು. ಈ ತೊಡಕನ್ನು ಬಿಡಿಸಿದವನು ಮಿಲಾನಿನ ಅಕಿಲ್ಲೆ ಗಾಜಿಯಾ. ಕಾವು ಬೇರೆ, ಒತ್ತಡ ಬೇರೆ ಎಂದು ಅವನು ವಿಂಗಡಿಸಿದನು. 1938ರಲ್ಲಿ ಮೊದಲ ಪೇಟೆಂಟಿಗೆ ಅರ್ಜಿ ಹಾಕಿ, ಯುದ್ಧ ಮುಗಿದ ಮೇಲೆ 1947ರಲ್ಲಿ ಸನ್ನೆಕೋಲನ್ನೂ ಸ್ಪ್ರಿಂಗನ್ನೂ ಸೇರಿಸಿದನು. ಸನ್ನೆಕೋಲನ್ನು ಕೆಳಗೆಳೆದರೆ ಸ್ಪ್ರಿಂಗು ಅದುಮಿಕೊಳ್ಳುತ್ತದೆ, ಪುಡಿಯ ಮೇಲೆ ಬಿಸಿನೀರು ತುಂಬುತ್ತದೆ. ಬಿಟ್ಟಾಗ ಸ್ಪ್ರಿಂಗು ಬಿಚ್ಚಿಕೊಂಡು ಪಿಸ್ಟನ್ನನ್ನು ಒತ್ತುತ್ತದೆ. ಒತ್ತಡ ಎಂಟು ಒಂಬತ್ತು ವಾಯುಮಂಡಲದಷ್ಟು. ಇದೆಷ್ಟೆಂದು ತಿಳಿಯಬೇಕಾದರೆ ಸುಮಾರು 90 ಮೀಟರು ಎತ್ತರದ ನೀರಿನ ಕಂಬವನ್ನು ನೆನೆಯಿರಿ. ಹೆಚ್ಚುಕಡಿಮೆ ಗಗನಚುಕ್ಕಿಯ ಎತ್ತರ! ಬಟ್ಟಲಿನ ಮೇಲೆ ಹೊಂಬಣ್ಣದ ನೊರೆ ನಿಂತದ್ದು ಈ ಒತ್ತಡದಿಂದ. ನಮ್ಮ ಮದುವೆ ಮನೆಗಳಲ್ಲಿ ಭುಸ್ಸೆಂದು ಹಾಲು ನೊರೆಗಟ್ಟಿಸುವ ಯಂತ್ರವನ್ನೂ ಎಸ್ಪ್ರೆಸೊ ಎನ್ನುವುದುಂಟು. ಅದರಲ್ಲಿ ಹಬೆಯುಂಟು, ಸನ್ನೆಕೋಲಿಲ್ಲ. 1961ರಲ್ಲಿ ಫಾಯೆಮಾ ಕಂಪನಿಯ ಇ-61 ಯಂತ್ರ ವಿದ್ಯುತ್ ಪಂಪನ್ನು ತಂದ ಮೇಲೆ ಸನ್ನೆಕೋಲು ಹಿಂದೆ ಸರಿಯಿತು.

ಹೀಗೆ ನಿಮ್ಮ ಮುಂದಿರುವುದು ಒಂದು ಯಂತ್ರವಲ್ಲ, ಎರಡು. ಕೆಳಗೆ ಬೆಟ್ಸೆರಾ ಕಾಲದ ಬಾಯ್ಲರು, ಮೇಲೆ ಗಾಜಿಯಾ ಕೂಡಿಸಿದ ಪಿಸ್ಟನ್. ದೋಷ ಯಾವುದರಲ್ಲಿದೆಯೆಂದು ಮೊದಲು ನಿರ್ಧರಿಸಿರಿ.

ನೀರು ಕಾಯಲು ಹೊತ್ತು ಹಿಡಿದರೆ, ಹಬೆ ಸೊರಗಿದರೆ, ದೋಷ ಬಾಯ್ಲರಿನದು. ಕೊಳವೆ ಬಾವಿಯ ಗಡಸು ನೀರು ಬಳಸಿದಲ್ಲಿ ಒಳಗೆ ಸುಣ್ಣ ಕಟ್ಟುವುದು ಸಾಮಾನ್ಯ. ಸ್ನಾನದ ನೀರು ಕಾಯಿಸುವ ಗೀಸರಿನಲ್ಲಿ ನೀವು ಕಂಡಿರುವುದೇ. ಸಿಟ್ರಿಕ್ ಆಮ್ಲ ಕರಗಿಸಿದ ನೀರಿನಿಂದ ಅದನ್ನು ಬಿಡಿಸಿ, ಮೂರು ನಾಲ್ಕು ಸಾರಿ ಚೆನ್ನಾಗಿ ತೊಳೆಯಬೇಕು. ಮಾಪಕದ ಮುಳ್ಳು ಏರಿದರೂ ಕಾವು ಸಾಲದಿದ್ದರೆ, ಒಳಗೆ ಗಾಳಿ ಸಿಕ್ಕಿರಬಹುದು. ಕಾಯುವಾಗ ಹಬೆಯ ನಲ್ಲಿಯನ್ನು ತುಸು ತೆರೆದರೆ ಅದು ಹೊರಟುಹೋಗುವುದು.

ಪುಡಿ ಸಣ್ಣಗಿದ್ದು, ಬಿಗಿಯಾಗಿ ಒತ್ತಿದ್ದರೂ ಸನ್ನೆಕೋಲು ಸರ್ರನೆ ಮೇಲೇರಿದರೆ, ಇಲ್ಲವೆ ಪಿಸ್ಟನ್ನಿನ ಮೇಲ್ಭಾಗದಿಂದ ನೀರು ಜಿನುಗಿದರೆ, ಪಿಸ್ಟನ್ನಿನ ಸೀಲು ಸವೆದಿದೆ. ಪುಡಿಯ ಹಿಡಿಯ ಸುತ್ತ ಸೋರಿದರೆ ಅಲ್ಲಿನ ಗ್ಯಾಸ್ಕೆಟ್ ಗಟ್ಟಿಯಾಗಿದೆ. ಇವೆರಡೂ ರಬ್ಬರಿನ ಬಳೆಗಳು, ದುಬಾರಿಯೂ ಅಲ್ಲ. ಬಿಸಿಯನ್ನು ತಾಳುವ, ಆಹಾರಕ್ಕೆ ತಕ್ಕವನ್ನೇ ಹಾಕಬೇಕು.

ಇನ್ನು ಕೈಯಿಡಬಾರದ ಜಾಗಗಳು. ಯಾವ ಕೀಲನ್ನೂ ಪ್ಲಗ್ ಕಿತ್ತು, ಯಂತ್ರ ತಣ್ಣಗಾಗಿ, ಮುಳ್ಳು ಸೊನ್ನೆಗೆ ಬಂದ ಮೇಲಲ್ಲದೆ ಸಡಿಲಿಸಬೇಡಿರಿ. ಸೇಫ್ಟಿ ವಾಲ್ವು ಸೋರುತ್ತದೆಂದು ಅದನ್ನು ಮುಚ್ಚಿಬಿಡುವುದು ಪ್ರೆಷರ್ ಕುಕ್ಕರಿನಲ್ಲೂ ಸಲ್ಲದು, ಇಲ್ಲೂ ಸಲ್ಲದು, ಹೊಸದನ್ನು ಹಾಕಿಸಿರಿ. ಪುಡಿಯಿಲ್ಲದೆ ಸನ್ನೆಕೋಲನ್ನೆಳೆದು ಬಿಟ್ಟರೆ ಅದು ಚಿಮ್ಮಿ ಮುಖಕ್ಕೆ ಬಡಿದೀತು. ಅದುಮಿಟ್ಟ ಸ್ಪ್ರಿಂಗನ್ನು ಬಿಚ್ಚುವುದಕ್ಕೆ ತಕ್ಕ ಹಿಡಿಕೆಯುಳ್ಳ ಮೆಕ್ಯಾನಿಕ್ಕನೇ ಬೇಕು. ಹಳೆಯ ವೈರನ್ನೂ ಅರ್ತ್ ತಂತಿಯನ್ನೂ ಎಲೆಕ್ಟ್ರಿಷಿಯನ್ ಒಬ್ಬರು ನೋಡಿದ ಮೇಲೆಯೇ ಪ್ಲಗ್ ಚುಚ್ಚಿರಿ.

ಇಷ್ಟೆಲ್ಲ ಸರಿಹೋದ ಮೇಲೆ ಮೊದಲೆರಡು ಬಟ್ಟಲು ಕಾಫಿಯನ್ನು ಕುಡಿಯದೆ ಚೆಲ್ಲಿರಿ. ಮೂರನೆಯದರ ರುಚಿಯನ್ನು ಮನೆಯ ಫಿಲ್ಟರ್ ಕಾಫಿಯೊಡನೆ ನೀವೇ ಹೋಲಿಸಿ ನೋಡಬಹುದು.