ಪ್ರಾಡ್ವಿವಾಕ

ಕಾನೂನು ಬಲ್ಲವರನ್ನು ನಾವು ಇಂದು ವಕೀಲರೆನ್ನುತ್ತೇವೆ, ತೀರ್ಪು ಕೊಡುವವರನ್ನು ನ್ಯಾಯಾಧೀಶರೆನ್ನುತ್ತೇವೆ. ಹಿಂದೆ ಅರಸನ ಪರವಾಗಿ ಸಭೆಯಲ್ಲಿ ಕುಳಿತು ವ್ಯಾಜ್ಯ ವಿಚಾರಿಸುವ ಶಾಸ್ತ್ರಜ್ಞನಿಗೆ ಪ್ರಾಡ್ವಿವಾಕನೆಂಬ ಹೆಸರಿದ್ದಿತು. ನಾಲಿಗೆ ತೊಡರುವ ಮಾತು; ಅದಕ್ಕೇ ಬಳಕೆಯಿಂದ ಬಿದ್ದುಹೋಯಿತೋ ಏನೋ! ಅರ್ಥ ಮಾತ್ರ ಬಲು ಸರಳವಾದುದು.

ಅದನ್ನು ಬಿಡಿಸಿ ಹೇಳಿದವನು ಕಲ್ಯಾಣದ ವಿಜ್ಞಾನೇಶ್ವರ. ಆರನೆಯ ವಿಕ್ರಮಾದಿತ್ಯನು (1076-1126) ಆಳುತ್ತಿದ್ದಾಗ ಅವನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಬಸವಣ್ಣನವರು ಅದೇ ಕಲ್ಯಾಣಕ್ಕೆ ಬಂದದ್ದು ಆಮೇಲೆ. ಪ್ರಾಟ್ ಎಂದರೆ ವಾದಿಯನ್ನೂ ಪ್ರತಿವಾದಿಯನ್ನೂ ಕೇಳುವವನು. ವಿವಾಕ ಎಂದರೆ ಅವರಿಬ್ಬರ ಮಾತಿನಲ್ಲಿ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲವೆಂದು ಸಭ್ಯರೊಡನೆ ಕೂಡಿ ವಿವೇಚಿಸುವವನು. ನೋಡಿರಿ, ಗ್ರಂಥ ಕಂಠಪಾಠ ಮಾಡಿದವನೆಂದು ಆ ಹೆಸರು ಹೇಳುವುದಿಲ್ಲ. ಕೇಳುವವನೆಂದು ಹೇಳುತ್ತದೆ.

ಜೊತೆಗೆ ಕೂಡ್ರುವ ಸಭ್ಯರಿಗೂ ಸ್ಮೃತಿಯಲ್ಲಿ ಕಟ್ಟುನಿಟ್ಟಿದೆ. ಮಮತೆಯಿಂದಲೋ ಲೋಭದಿಂದಲೋ ಭಯದಿಂದಲೋ ತಪ್ಪು ನಡೆದರೆ, ಸೋತವನು ತೆರುವ ದಂಡದ ಎರಡರಷ್ಟನ್ನು ಒಬ್ಬೊಬ್ಬ ಸಭ್ಯನೂ ಬೇರೆ ಬೇರೆಯಾಗಿ ತೆರಬೇಕು. ಗುಂಪಿನಲ್ಲಿ ಅಡಗಿಕೊಳ್ಳುವಂತಿಲ್ಲ.

ಮುಂದೆ ಕಂಪನಿ ಸರಕಾರ ಬಂದಿತು. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಹಿಂದೂಗಳ ದಾಯಭಾಗ, ವಿವಾಹಗಳ ವ್ಯಾಜ್ಯಕ್ಕೆ ಶಾಸ್ತ್ರವೇ ಆಧಾರವೆಂದು ಗೊತ್ತುಮಾಡಿದನು. ಕೋರ್ಟುಗಳಲ್ಲಿ ಪಂಡಿತರು ನೇಮಕವಾದರು. ಆದರೆ ಕೆಲಸ ಬದಲಾಯಿತು. ದೊರೆಗಳು ಪ್ರಶ್ನೆ ಕೇಳುವರು, ಪಂಡಿತರು ವ್ಯವಸ್ಥೆ ಬರೆದುಕೊಡುವರು. ಕೇಳುವ ಅಧಿಕಾರ ಒಬ್ಬರದು, ಬಲ್ಲತನ ಇನ್ನೊಬ್ಬರದು! 1810ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರದ ದಾಯಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದನು. 1864ರಲ್ಲಿ ಪಂಡಿತರ ಹುದ್ದೆಯನ್ನೇ ತೆಗೆದುಹಾಕಿದರು.

ಇದು ದೂರದ ಮಾತೆಂದು ತಿಳಿಯಬೇಡಿರಿ. ಹಿರಿಯರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕೆಂಬುದು ಮಿತಾಕ್ಷರದ್ದು. 1956ರ ವಾರಸಾ ಕಾಯಿದೆ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಟ್ಟೇ ಸೇರಿಸಿಕೊಂಡಿದೆ. ಮಗಳಿಗೂ ಹುಟ್ಟಿನ ಹಕ್ಕು ಬರಲು ನಮ್ಮ ರಾಜ್ಯದಲ್ಲಿ 1994ರವರೆಗೆ, ಇಡೀ ದೇಶದಲ್ಲಿ 2005ರವರೆಗೆ ಕಾಯಬೇಕಾಯಿತು.

ಹೊಲಮನೆ ವಾಟ್ನಿಗಾಗಿ ಅಣ್ಣತಮ್ಮಂದಿರು ಮಠಕ್ಕೆ ಬರುತ್ತಾರೆ. ಬುದ್ಧಿ, ನಾವಿಬ್ಬರೂ ಒಪ್ಪಿದ್ದೇವೆ ಎನ್ನುತ್ತಾರೆ. ಸಂತೋಷವೇ. ಕೊಟ್ಟ ಮನೆಯಲ್ಲಿರುವ ತಂಗಿಯನ್ನು ಕೇಳಿದಿರಾ ಎಂದರೆ ಇಬ್ಬರೂ ನೆಲ ನೋಡುತ್ತಾರೆ.